ತೇಗದ ಕಿಟಕಿ ಕೀಳುವ ಮುನ್ನ

ಬೆಂಗಳೂರು ದಂಡು ಪ್ರದೇಶದ ಹಳೆಯ ಮನೆಗಳಲ್ಲಿ ಮರದ ಕಿಟಕಿಗಳು ಒಂದೊಂದಾಗಿ ಕಣ್ಮರೆಯಾಗುತ್ತಿವೆ. ಅವುಗಳ ಜಾಗಕ್ಕೆ ಬಿಳಿಯ ಯುಪಿವಿಸಿ ಪ್ಲಾಸ್ಟಿಕ್ ಕಿಟಕಿಗಳು ಬರುತ್ತಿವೆ. ಬಣ್ಣ ಬಳಿಯಬೇಕಿಲ್ಲ, ಗೆದ್ದಲು ಹತ್ತದು, ಮಳೆಗಾಲದಲ್ಲಿ ಉಬ್ಬದು ಎಂಬ ಮಾರಾಟಗಾರರ ಮಾತು ಸುಳ್ಳೇನಲ್ಲ. ಹಲಸೂರಿನಲ್ಲಿ ಹಳೆ ಮದ್ರಾಸ್ ರಸ್ತೆಯ ಬದಿಗೆ ಮಲಗುವವರಿಗೆ ರಬ್ಬರ್ ಅಂಚಿನ, ಜೋಡಿ ಗಾಜಿನ ಕಿಟಕಿ ವರವೇ ಸರಿ.

ಆದರೆ 1898ರ ಪ್ಲೇಗಿನ ತರುವಾಯ ಬೆಳೆದ ಫ್ರೇಜರ್ ಟೌನ್, ರಿಚರ್ಡ್ಸ್ ಟೌನ್‌ಗಳ ಹಳೆಯ ಮನೆಗಳ ಲೆಕ್ಕವೇ ಬೇರೆ. ಅಲ್ಲಿ ಚೌಕಟ್ಟನ್ನು ಸುಣ್ಣದ ಗಾರೆಯ ಗೋಡೆಯೊಂದಿಗೇ ಕೂಡಿಸಿ ಕಟ್ಟಿರುತ್ತಾರೆ. ಅದನ್ನು ಕಿತ್ತರೆ ಸುತ್ತಲಿನ ಇಟ್ಟಿಗೆಯೂ ಸಡಿಲಗೊಳ್ಳುತ್ತದೆ. ಕಿಟಕಿಯ ನೆತ್ತಿಯ ಮೇಲೆ ಬಿಸಿಲು ಮಳೆ ತಡೆಯುವ, ಚೂಪು ತಲೆಯ ಮರದ ‘ಮಂಕಿ ಟಾಪ್’ ಕೂಡ ಎಷ್ಟೋ ಸಲ ಅದರೊಡನೆಯೇ ಹೋಗುತ್ತದೆ. ಅದು ಹೋದ ಮೇಲೆ ಆ ಮನೆ ಯಾವ ಊರಿನದಾದರೂ ಆಗಬಹುದು.

ಮರ ಕೊಳೆಯುವುದು ಬಹುಪಾಲು ಕೆಳಗಿನ ಪಟ್ಟಿಯಲ್ಲಿ, ನೀರು ನಿಲ್ಲುವೆಡೆ. ಗೆದ್ದಲು ಬರುವುದೂ ಹೆಚ್ಚಾಗಿ ತೇವದ ಗೋಡೆಯ ಮೂಲಕ. ಆ ತೇವ ಪ್ಲಾಸ್ಟಿಕ್ಕಿನಿಂದ ವಾಸಿಯಾಗದು. ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ: ಮೊನೆ ಇಳಿದಷ್ಟು ಭಾಗವನ್ನು ಬಡಗಿ ಕತ್ತರಿಸಿ ತೆಗೆದು ಹೊಸ ತುಂಡು ಬೆಸೆಯಬಲ್ಲ. ಸೀಳಿದ ಯುಪಿವಿಸಿ ಚೌಕಟ್ಟಿಗೆ ಅಂಥ ತೇಪೆ ಕಷ್ಟ. ಸದ್ದೇ ತೊಂದರೆಯಾದರೆ ಹಳೆಯ ಕಿಟಕಿಯ ಒಳಬದಿಗೆ ಇನ್ನೊಂದು ಗಾಜಿನ ಬಾಗಿಲು ಕೂರಿಸಬಹುದು. ಮರ ಪೂರ್ತಿ ಟೊಳ್ಳಾಗಿದ್ದರೆ ಬದಲಿಸುವುದು ಅನಿವಾರ್ಯ. ಆಗಲೂ ಮಂಕಿ ಟಾಪನ್ನು ಉಳಿಸಿಕೊಂಡೇ ಕೆಲಸ ಮಾಡಲು ಬಡಗಿಗೆ ಮೊದಲೇ ಹೇಳಬೇಕು. ಹಿತ್ತಲಿನ ಸ್ನಾನದ ಮನೆಗೆ ಪ್ಲಾಸ್ಟಿಕ್ ಬಂದರೆ ತಕರಾರಿಲ್ಲ.