ಎರಡನೆಯ ನಾಯಕನ ಕಡೆಯವರು

ಕೊರಿಯಾದ ಟೆಲಿವಿಷನ್ ಧಾರಾವಾಹಿಗಳ ಪ್ರೇಮಕಥೆಗಳಲ್ಲಿ ನಾಯಕಿ ಕೊನೆಗೆ ಯಾರ ಕೈ ಹಿಡಿಯುತ್ತಾಳೆ ಎಂಬುದು ಸಾಮಾನ್ಯವಾಗಿ ಮೊದಲ ಒಂದೆರಡು ಕಂತುಗಳಲ್ಲೇ ತಿಳಿದುಹೋಗುತ್ತದೆ. ಪಾತ್ರವರ್ಗದ ಪಟ್ಟಿಯಲ್ಲಿ ಯಾರ ಹೆಸರು ಮೊದಲಿದೆ ಎಂದು ನೋಡಿದರೂ ಸಾಕು. ಹೀಗಿದ್ದೂ ನೋಡುಗರಲ್ಲಿ ಹಲವರು, ಎಲ್ಲ ಗೊತ್ತಿದ್ದೂ, ಗೆಲ್ಲದವನ ಪಕ್ಷ ವಹಿಸಿ, ಕಂತಿನಿಂದ ಕಂತಿಗೆ ಅವನ ಪರವಾಗಿ ವಾದಿಸಿ, ಮುಕ್ತಾಯದ ರಾತ್ರಿ ಅವನಿಗಾಗಿ ಕಣ್ಣೊರೆಸಿಕೊಳ್ಳುತ್ತಾರೆ. ಕೊರಿಯನ್ನರು ಈ ಸ್ಥಿತಿಗೆ ‘ಸೊಬುಬ್ಯೊಂಗ್’ ಎಂದು ಹೆಸರಿಟ್ಟಿದ್ದಾರೆ. ‘ಸೊಬು’ ಎಂಬುದು ಇಂಗ್ಲಿಷಿನ ‘ಸಬ್’ ಪದದ ಕೊರಿಯನ್ ಉಚ್ಚಾರ, ಇಲ್ಲಿ ಎರಡನೆಯ ನಾಯಕ ಎಂಬರ್ಥದಲ್ಲಿ ಬಂದಿದೆ. ‘ಬ್ಯೊಂಗ್’ ಎಂದರೆ ಕಾಯಿಲೆ. ಹೊರದೇಶಗಳ ನೋಡುಗರು ಇದನ್ನೇ ‘ಸೆಕೆಂಡ್ ಲೀಡ್ ಸಿಂಡ್ರೋಮ್’ ಎನ್ನುತ್ತಾರೆ. ಹೆಸರೇನೋ ಕಾಯಿಲೆಯದ್ದು, ಆದರೆ ಇದರ ಬೇರು ನೋಡುಗರ ದುರ್ಬಲ ಮನಸ್ಸಿನಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಆ ಕಥೆಗಳನ್ನು ಹೆಣೆಯುವ ಕ್ರಮದಲ್ಲೇ ಇದೆ.

ಆ ಕ್ರಮವನ್ನು ತಿಳಿಯಲು ಧಾರಾವಾಹಿಯ ರೂಪವನ್ನು ಮೊದಲು ಗಮನಿಸಬೇಕು. ನಿತ್ಯ ಪ್ರಸಾರವಾಗುತ್ತ ನೂರಾರು ಕಂತುಗಳವರೆಗೆ ಬೆಳೆಯುವ ಕನ್ನಡದ ಧಾರಾವಾಹಿಗೆ ಒಗ್ಗಿಕೊಂಡವರಿಗೆ ಕೊರಿಯಾದ ಪ್ರೇಮ ಧಾರಾವಾಹಿ ಬಲು ಚಿಕ್ಕದಾಗಿ ಕಾಣುತ್ತದೆ: ಸಾಮಾನ್ಯವಾಗಿ 16 ಕಂತು, ಒಂದೊಂದೂ ಒಂದು ಗಂಟೆಯ ಆಸುಪಾಸಿನದು, ವಾರದಲ್ಲಿ ಎರಡು ದಿನ ಪ್ರಸಾರ, ಎರಡು ತಿಂಗಳಿಗೆ ಕಥೆ ಮುಗಿತಾಯ. ವಾರದ ಉಳಿದ ಐದು ದಿನ ಖಾಲಿ ಬಿದ್ದಿರುತ್ತವೆ, ಮತ್ತು ವಾದ ವಿವಾದಗಳೆಲ್ಲ ನಡೆಯುವುದು ಆ ಐದು ದಿನಗಳಲ್ಲೇ. ಹಿಂದೆ ಈ ವಾದಗಳಿಗೆ ಬೇರೆ ಬಗೆಯ ಬಲವೂ ಇತ್ತು. ಪ್ರಸಾರದ ಹಿಂದಿನ ದಿನದವರೆಗೂ ಚಿತ್ರೀಕರಣ ನಡೆಯುತ್ತಿದ್ದ ಕಾಲದಲ್ಲಿ ಸಂಭಾಷಣೆಗಳು ಬಿಡಿ ಹಾಳೆಗಳಲ್ಲಿ ಆಗಷ್ಟೇ ಬರೆದು ಬರುತ್ತಿದ್ದವು. ಈ ತುಂಡು ಚಿತ್ರಕಥೆಗೆ ಕೊರಿಯನ್ನರು ‘ಜೊಕ್‌ದೆಬೊನ್’ ಎಂದು ಹೆಸರಿಟ್ಟಿದ್ದರು. ಜನ ಏನೆನ್ನುತ್ತಿದ್ದಾರೆ ಎಂಬುದು ಬರಹಗಾರರ ಕಿವಿಗೆ ಬಿದ್ದು ಮುಂದಿನ ಹಾಳೆಯ ಮೇಲೆ ಪರಿಣಾಮ ಬೀರಲು ಅವಕಾಶವಿದ್ದುದರಿಂದ ನೋಡುಗರು ಅರ್ಜಿದಾರರೂ ಆಗಿಬಿಡುತ್ತಿದ್ದರು. 2003ರ ‘ದಾಮೊ’ ಎಂಬ ಚಾರಿತ್ರಿಕ ಧಾರಾವಾಹಿಯ ಕಾಲಕ್ಕೆ ಅಂಥವರಿಗೆ ‘ಪ್ಯೇಯಿನ್’ ಎಂಬ ಹೆಸರು ಬಿತ್ತು. ಊಟ ನಿದ್ದೆ ಬಿಟ್ಟು ಹಾಳಾದವರು ಎಂಬುದು ಅದರ ಅರ್ಥ, ಅವರದನ್ನು ಬಿರುದಿನಂತೆಯೇ ಧರಿಸಿದರು. ಮರುವರ್ಷ ‘ಲವರ್ಸ್ ಇನ್ ಪ್ಯಾರಿಸ್’ ತನ್ನ ಕೊನೆಯಲ್ಲಿ, ಅಲ್ಲಿಯವರೆಗೆ ತೋರಿಸಿದ ಪ್ರೇಮವೆಲ್ಲ ನಾಯಕಿ ಬರೆಯುತ್ತಿದ್ದ ಕಥೆಯೆಂಬ ತಿರುವು ಕೊಟ್ಟಾಗ ನೋಡುಗರಿಗೆ ಬಂದ ಸಿಟ್ಟು ಇಂದಿಗೂ ಕೊರಿಯಾದಲ್ಲಿ ಕೆಟ್ಟ ಮುಕ್ತಾಯದ ಮಾತು ಬಂದಾಗಲೆಲ್ಲ ಉದಾಹರಣೆಯಾಗಿ ಬರುತ್ತದೆ. 2016ರ ‘ಡಿಸೆಂಡೆಂಟ್ಸ್ ಆಫ್ ದ ಸನ್’ ಪ್ರಸಾರಕ್ಕೆ ಮೊದಲೇ ಪೂರ್ತಿ ಚಿತ್ರೀಕರಣಗೊಂಡು ಯಶಸ್ಸು ಕಂಡ ಮೇಲೆ, ಮುಂಚಿತವಾಗಿ ತಯಾರಿಸುವ ಪದ್ಧತಿ ಬಲಗೊಂಡಿತು; ಅಂಥ ಕಡೆ ನೋಡುಗರ ಅರ್ಜಿಗೆ ಕಥೆ ಬದಲಾಗುವ ಸಾಧ್ಯತೆ ಇಲ್ಲವಾಯಿತು, ಆದರೆ ಅರ್ಜಿ ನಿಲ್ಲಲಿಲ್ಲ.

ಕೊರಿಯಾದ ನೋಡುಗರು ತಮ್ಮ ಅಸಮಾಧಾನಕ್ಕೆ ಕಟ್ಟಿಕೊಂಡ ಮಾತುಗಳು ಅಡುಗೆಮನೆಯಿಂದ ಬಂದವು. ಒಂದು ಮಾತು ಆಡಿದ್ದರೆ ಬಗೆಹರಿಯುತ್ತಿದ್ದ ತಪ್ಪು ತಿಳಿವಳಿಕೆಯನ್ನು ಪಾತ್ರಗಳು ಐದು ಕಂತು ಎಳೆದಾಡಿದರೆ ಅದು ‘ಗೊಗುಮಾ’, ಅಂದರೆ ಗೆಣಸು: ಬೇಯಿಸಿದ ಗೆಣಸನ್ನು ನೀರಿಲ್ಲದೆ ತಿಂದರೆ ಗಂಟಲಲ್ಲಿ ಹಿಡಿದುಕೊಳ್ಳುವ ಅನುಭವವನ್ನು ಕನ್ನಡಿಗರಿಗೆ ವಿವರಿಸಬೇಕಿಲ್ಲ. ನಾಯಕಿ ಕೊನೆಗೂ ಬಾಯಿಬಿಟ್ಟು ಸತ್ಯ ಹೇಳಿದರೆ ಅಥವಾ ಸೊಕ್ಕಿನ ಅತ್ತೆಯೊಬ್ಬಳಿಗೆ ಮುಖಕ್ಕೆ ಮುಖ ಕೊಟ್ಟು ಉತ್ತರಿಸಿದರೆ ಅದು ‘ಸೈಡಾ’, ಆ ನಾಡಿನ ನಿಂಬೆ ರುಚಿಯ ಸೋಡಾ. ಇವು ತಮಾಷೆಯ ಪದಗಳಂತೆ ಕಂಡರೂ ವಿಮರ್ಶೆಯ ಕೆಲಸ ಮಾಡುತ್ತವೆ, ಏಕೆಂದರೆ ಕಥೆಯ ತಡೆ ಪಾತ್ರದ ಸ್ವಭಾವದಿಂದ ಹುಟ್ಟಿದ್ದೋ ಕಂತು ತುಂಬಿಸಲು ತಂದು ಹಾಕಿದ್ದೋ ಎಂಬ ಪ್ರಶ್ನೆ ಅವುಗಳೊಳಗೆ ಅಡಗಿದೆ.

ಎರಡನೆಯ ನಾಯಕನ ಸೆಳೆತಕ್ಕೆ ಅವನ ಒಳ್ಳೆಯತನವೇ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ, ಮತ್ತು 2009ರ ‘ಬಾಯ್ಸ್ ಓವರ್ ಫ್ಲವರ್ಸ್’ ಧಾರಾವಾಹಿಯನ್ನು ನೋಡಿದವರಿಗೆ ಆ ಮಾತು ಸರಿಯೆನಿಸುತ್ತದೆ. ಬಟ್ಟೆ ಒಗೆಯುವ ಅಂಗಡಿಯವರ ಮಗಳಾದ ನಾಯಕಿಯನ್ನು ಶಾಲೆಯಲ್ಲಿ ಪೀಡಿಸಿ, ಕೂಗಾಡಿ, ಕೊನೆಗೆ ಪ್ರೀತಿಸುವ ಗು ಜುನ್‌ಪ್ಯೊ ಒಂದೆಡೆ, ಅವಳಿಗೆ ಕಷ್ಟ ಬಂದಾಗಲೆಲ್ಲ ಮಾತಿಲ್ಲದೆ ಬಂದು ನಿಲ್ಲುವ, ಪಿಟೀಲು ನುಡಿಸುವ ಯುನ್ ಜಿಹು ಇನ್ನೊಂದೆಡೆ. ನಾಯಕಿ ಆರಿಸಿಕೊಳ್ಳುವುದು ಕೂಗಾಡುವವನನ್ನು. ಆದರೆ ಒಳ್ಳೆಯತನವೊಂದೇ ಕಾರಣವಾಗಿದ್ದರೆ 2020ರ ‘ಸ್ಟಾರ್ಟ್‌ಅಪ್’ ಎಬ್ಬಿಸಿದ ಗದ್ದಲ ಅರ್ಥವಾಗುವುದಿಲ್ಲ, ಏಕೆಂದರೆ ಅಲ್ಲಿ ಮೊದಲ ನಾಯಕನೂ ಸಾಧು, ಎರಡನೆಯವನಾದ ಹಾನ್ ಜಿಪ್ಯೊಂಗ್ ಬಿರುನುಡಿಯ ಮನುಷ್ಯ. ವ್ಯತ್ಯಾಸವಿರುವುದು ನೋಡುಗರಿಗೆ ಏನು ಗೊತ್ತಿದೆ ಎಂಬುದರಲ್ಲಿ. ಅನಾಥಾಲಯದಿಂದ ಹೊರಬಿದ್ದ ಹುಡುಗನಿಗೆ ಅಂಗಡಿಯಲ್ಲಿ ಮಲಗಲು ಜಾಗ ಕೊಟ್ಟ ಅಜ್ಜಿಯೊಬ್ಬಳು, ಒಂಟಿಯಾದ ತನ್ನ ಮೊಮ್ಮಗಳಿಗೆ ಸ್ನೇಹಿತನೊಬ್ಬ ಬೇಕೆಂದು ಅವನಿಂದ ಕಾಗದ ಬರೆಸುತ್ತಾಳೆ. ಅವನು ಪತ್ರಿಕೆಯಲ್ಲಿ ಕಂಡ ಬೇರೊಬ್ಬ ಹುಡುಗನ ಹೆಸರಿನಲ್ಲಿ ಬರೆಯುತ್ತಾನೆ. ಮುಂದೆ ದೊಡ್ಡವಳಾದ ಮೊಮ್ಮಗಳು ಆ ಹೆಸರಿನವನನ್ನು ಹುಡುಕಿ ಅವನನ್ನು ಪ್ರೀತಿಸುತ್ತಾಳೆ. ಕಾಗದ ಬರೆದ ಕೈ ಯಾರದೆಂದು ಮೊದಲ ಕಂತಿನಲ್ಲೇ ಕಂಡ ನೋಡುಗರು, ಅವಳಿಗೆ ಗೊತ್ತಿಲ್ಲದ ಸಂಗತಿಯನ್ನು ವಾರಗಟ್ಟಲೆ ಹೊತ್ತು ತಿರುಗಬೇಕಾಗುತ್ತದೆ. ಗುಟ್ಟಿನಲ್ಲಿ ಪಾಲು ಕೊಟ್ಟವನ ಬಗ್ಗೆ ಮನುಷ್ಯರಿಗೆ ಮಮತೆ ಹುಟ್ಟುವುದು ಸಹಜ. ಬರಹಗಾರರು ಮೊದಲ ನಾಯಕನಿಗೆ ನಾಯಕಿಯ ಜೊತೆಗಿನ ದೃಶ್ಯಗಳನ್ನು ಕೊಡುತ್ತಾರೆ, ಎರಡನೆಯವನಿಗೆ ಒಂಟಿ ದೃಶ್ಯಗಳನ್ನು ಕೊಡುತ್ತಾರೆ, ಮತ್ತು ಒಂಟಿ ದೃಶ್ಯದಲ್ಲಿ ಅವನ ಜೊತೆಗಿರುವವರು ನೋಡುಗರು ಮಾತ್ರ.

ಇದರ ಅತ್ಯಂತ ಚತುರ ಉದಾಹರಣೆಯೆಂದರೆ 2015ರ ನವೆಂಬರ್‌ನಿಂದ 2016ರ ಜನವರಿಯವರೆಗೆ ಟಿವಿಎನ್ ವಾಹಿನಿಯಲ್ಲಿ ಪ್ರಸಾರವಾದ ‘ರಿಪ್ಲೈ 1988’. ನಿರ್ದೇಶಕ ಶಿನ್ ವೊನ್‌ಹೊ ಮತ್ತು ಬರಹಗಾರ್ತಿ ಲೀ ವೂಜಂಗ್ ಅವರ ಈ 20 ಕಂತುಗಳ ಧಾರಾವಾಹಿ ಸೋಲ್ ನಗರದ ಸಂಗ್‌ಮುನ್‌ದೊಂಗ್ ಎಂಬ ಬಡಾವಣೆಯ ಒಂದೇ ಓಣಿಯ ಐದು ಕುಟುಂಬಗಳ ಕಥೆ. ಓಣಿಯ ಹುಡುಗಿ ಡೊಕ್‌ಸನ್ ಮುಂದೆ ಮದುವೆಯಾದದ್ದು ಬಾಲ್ಯದ ಗೆಳೆಯರಲ್ಲೊಬ್ಬನನ್ನು ಎಂದು ಮೊದಲೇ ಸೂಚನೆ ಸಿಗುತ್ತದೆ, ಯಾರನ್ನು ಎಂಬುದನ್ನು ಮಾತ್ರ ಹೇಳುವುದಿಲ್ಲ. ಮಧ್ಯವಯಸ್ಸಿನ ದಂಪತಿಯಾಗಿ ಬೇರೆ ನಟರು ಬಂದು ಹಳೆಯದನ್ನು ನೆನೆಯುತ್ತ ಕುತೂಹಲವನ್ನು ಕೆಣಕುತ್ತಾರೆ. ಸ್ಪರ್ಧೆಯಲ್ಲಿರುವವರು ಇಬ್ಬರು: ಸಿಡುಕು ಮೋರೆಯ ಜಂಗ್‌ಹ್ವಾನ್, ಮತ್ತು ‘ಬಾದುಕ್’ ಎಂಬ ಕಾಯಿಯಾಟದಲ್ಲಿ ದೇಶಕ್ಕೇ ಹೆಸರಾಗಿದ್ದೂ ದಿನನಿತ್ಯದ ಬದುಕಿನಲ್ಲಿ ಏನೂ ತಿಳಿಯದ ಮೆತ್ತನೆಯ ಹುಡುಗ ಟೆಕ್. ಕೊರಿಯಾದ ನೋಡುಗರು ಎರಡು ಬಣವಾದರು. ‘ಏನೇ ಆಗಲಿ ಗಂಡ ರ್ಯು ಜುನ್‌ಯೋಲ್’ ಎಂಬ ವಾಕ್ಯವನ್ನು ಮೊಟಕುಗೊಳಿಸಿ ‘ಒನಾಮ್‌ರ್ಯು’ ಎಂದಿತು ಒಂದು ಬಣ, ‘ಏನೇ ಆಗಲಿ ಗಂಡ ಟೆಕ್’ ಎಂಬುದನ್ನು ‘ಒನಾಮ್‌ಟೆಕ್’ ಎಂದಿತು ಇನ್ನೊಂದು. ಇಲ್ಲೊಂದು ಸಣ್ಣ ಸ್ವಾರಸ್ಯವಿದೆ: ರ್ಯು ಜುನ್‌ಯೋಲ್ ಎಂಬುದು ಜಂಗ್‌ಹ್ವಾನ್ ಪಾತ್ರ ಮಾಡಿದ ನಟನ ಹೆಸರು, ಟೆಕ್ ಎಂಬುದು ಪಾತ್ರದ ಹೆಸರು. ಒಂದು ಬಣ ನಟನ ಹೆಸರನ್ನೂ ಇನ್ನೊಂದು ಬಣ ಪಾತ್ರದ ಹೆಸರನ್ನೂ ಹಿಡಿದು ಜಗಳವಾಡಿದರೂ ಯಾರಿಗೂ ಅದು ವಿಚಿತ್ರವೆನಿಸಲಿಲ್ಲ.

ಜಂಗ್‌ಹ್ವಾನ್‌ನ ಪ್ರೀತಿಯನ್ನು ಧಾರಾವಾಹಿ ಮೊದಲಿನಿಂದಲೂ ನೋಡುಗರ ಕಣ್ಣಿಗೆ ಹಾಕುತ್ತ ಬರುತ್ತದೆ. ಡೊಕ್‌ಸನ್ ಹೊರಬರುವವರೆಗೆ ಗೇಟಿನ ಬಳಿ ಕಾದಿದ್ದು, ಅವಳು ಬಂದೊಡನೆ ಆಕಸ್ಮಿಕವಾಗಿ ಸಿಕ್ಕವನಂತೆ ನಡೆದುಕೊಳ್ಳುವುದು, ತುಂಬಿದ ಬಸ್ಸಿನಲ್ಲಿ ಅವಳ ಮೇಲೆ ಜನ ಬೀಳದಂತೆ ಎರಡೂ ಕೈ ಚಾಚಿ ಕಂಬಿ ಹಿಡಿದು ನಿಲ್ಲುವುದು, ಇವೆಲ್ಲ ನೋಡುಗರಿಗೆ ಗೊತ್ತು, ಅವಳಿಗೆ ಅರೆಬರೆ ಗೊತ್ತು. ಟೆಕ್ ತನ್ನ ಪ್ರೀತಿಯನ್ನು ಗೆಳೆಯರೆದುರು ಹೇಳಿಬಿಟ್ಟ ಮೇಲೆ ಜಂಗ್‌ಹ್ವಾನ್ ಹಿಂದೆ ಸರಿಯುತ್ತಾನೆ. 18ನೆಯ ಕಂತಿನಲ್ಲಿ, ವರ್ಷಗಳು ಕಳೆದ ಮೇಲೆ, ಸಂಗೀತ ಕಾರ್ಯಕ್ರಮವೊಂದಕ್ಕೆ ಡೊಕ್‌ಸನ್ ಒಬ್ಬಳೇ ಹೋಗಿದ್ದಾಳೆಂದು ತಿಳಿದು ಅವನು ಕಾರು ಓಡಿಸಿಕೊಂಡು ಹೊರಡುತ್ತಾನೆ, ದಾರಿಯುದ್ದಕ್ಕೂ ಕೆಂಪು ದೀಪಗಳು ಅಡ್ಡ ಬರುತ್ತವೆ, ತಲುಪುವಷ್ಟರಲ್ಲಿ ಪಂದ್ಯವನ್ನೇ ಬಿಟ್ಟು ಬಂದ ಟೆಕ್ ಅವಳೆದುರು ನಿಂತಿರುತ್ತಾನೆ. ತಡವಾದದ್ದಕ್ಕೆ ಕಾರಣ ದೀಪಗಳಲ್ಲ, ತಾನು ಹಿಂದೆಮುಂದೆ ನೋಡಿದ್ದು ಎಂಬುದು ಅವನಿಗೆ ಅಲ್ಲಿ ಹೊಳೆಯುತ್ತದೆ. ಅದೇ ಕಂತಿನ ಕೊನೆಗೆ ಗೆಳೆಯರೆಲ್ಲ ಸೇರಿದ ಊಟದ ಮೇಜಿನಲ್ಲಿ, ವಾಯುಪಡೆಯ ಅಕಾಡೆಮಿಯಲ್ಲಿ ಪದವೀಧರರಿಗೆ ಕೊಡುವ, ಮದುವೆಯಾಗುವ ಹುಡುಗಿಗೆ ಕೊಡುವ ವಾಡಿಕೆಯಿರುವ ಉಂಗುರವನ್ನು ಅವಳ ಮುಂದಿಟ್ಟು, ಗೇಟಿನ ಬಳಿ ಕಾದ ಬೆಳಗುಗಳನ್ನೂ ನಿದ್ದೆ ಬಾರದ ರಾತ್ರಿಗಳನ್ನೂ ಒಂದೊಂದಾಗಿ ಹೇಳಿ ಮುಗಿಸಿ, ಮರುಕ್ಷಣವೇ ಪಕ್ಕದ ಗೆಳೆಯನ ಕಡೆ ತಿರುಗಿ ಇದೆಲ್ಲ ತಮಾಷೆಗೆ ಎಂದುಬಿಡುತ್ತಾನೆ. ಎಲ್ಲರೂ ಎದ್ದು ಹೋದ ಮೇಲೆ ಉಂಗುರ ಮೇಜಿನ ಮೇಲೆಯೇ ಉಳಿದಿರುತ್ತದೆ.

ಮುಂದಿನೆರಡು ಕಂತುಗಳಲ್ಲಿ ಡೊಕ್‌ಸನ್ ಟೆಕ್‌ನವಳಾದಳು. ಕೊನೆಯ ಕಂತನ್ನು ಕೇಬಲ್ ವಾಹಿನಿಗೆ ಆಗಿನ ಕಾಲಕ್ಕೆ ಅಪರೂಪವಾದ ಪ್ರಮಾಣದಲ್ಲಿ, ಶೇ. 18ಕ್ಕೂ ಮೀರಿದ ರೇಟಿಂಗ್‌ನಲ್ಲಿ ಜನ ನೋಡಿದರು, ನೋಡಿ ಬೈದುಕೊಂಡವರೂ ಬಹಳ. ಬರಹಗಾರರು ಮೋಸ ಮಾಡಿದರೆಂಬುದು ಬೈದವರ ದೂರು. ಮೊದಲ ಕಂತಿನಿಂದ ಮತ್ತೆ ನೋಡಿದರೆ ಟೆಕ್‌ನ ಕಡೆಗೂ ಸೂಚನೆಗಳು ಬೇಕಷ್ಟಿವೆ, ಆದ್ದರಿಂದ ದೂರು ಪೂರ್ತಿ ನ್ಯಾಯವಲ್ಲ. ಆದರೆ ಆ ಉಂಗುರದ ದೃಶ್ಯವನ್ನು ಅಷ್ಟು ಮನಸ್ಸಿಟ್ಟು ಕಟ್ಟಿದವರು, ಅದಾದ ಮೇಲೆ ಆ ಹುಡುಗನನ್ನು ಮೂಲೆಗೆ ಸರಿಸಿದ್ದು ಕೈತಪ್ಪು ಎಂದೇ ಹೇಳಬೇಕು.

ಭಾರತೀಯ ಕಾವ್ಯಮೀಮಾಂಸೆಯನ್ನು ಓದಿದವರಿಗೆ ಇಲ್ಲೊಂದು ತೊಡಕು ಎದುರಾಗುತ್ತದೆ. ಒಬ್ಬರಲ್ಲಿ ಮಾತ್ರ ಇರುವ ರತಿ ಶೃಂಗಾರವಾಗದು, ಅದು ರಸಾಭಾಸ, ಅಂದರೆ ರಸದಂತೆ ತೋರುವ ಹುಸಿ ಎಂಬುದು ಆಲಂಕಾರಿಕರ ನಿಲುವು. ಕೊರಿಯಾದ ಧಾರಾವಾಹಿಯಲ್ಲಾದರೋ ನೋಡುಗರ ಎದೆಗೆ ಹೆಚ್ಚು ತಾಗುವುದು ಈ ಒಮ್ಮುಖದ ಪ್ರೀತಿಯೇ. ಪ್ರಾಯಶಃ ಅಲ್ಲಿ ಹುಟ್ಟುವುದು ಶೃಂಗಾರವಲ್ಲ, ಕರುಣ ಎಂದರೆ ಲೆಕ್ಕ ಸರಿಹೋದೀತು. 1956ರಲ್ಲಿ ಅಮೆರಿಕದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ವಿದ್ವಾಂಸರು, ಟೆಲಿವಿಷನ್ ಪರದೆಯ ಮೇಲಿನವರ ಜೊತೆ ನೋಡುಗರು ಬೆಳೆಸಿಕೊಳ್ಳುವ ಒಮ್ಮುಖದ ಆಪ್ತತೆಗೆ ‘ಪ್ಯಾರಾಸೋಶಿಯಲ್’ ಸಂಬಂಧವೆಂದು ಹೆಸರಿಟ್ಟರು; ನೋಡುಗನಿಗೆ ಪರದೆಯ ಮೇಲಿನವನು ಗೊತ್ತು, ಅವನಿಗೆ ನೋಡುಗ ಗೊತ್ತಿಲ್ಲ. ಎರಡನೆಯ ನಾಯಕ ನಾಯಕಿಯ ವಿಷಯದಲ್ಲಿ ನಿಂತಿರುವ ಜಾಗವೂ ಅದೇ, ಹಾಗಾಗಿ ಅವನ ಪಾಡು ನೋಡುಗರಿಗೆ ತಮ್ಮದೇ ಪಾಡಿನಂತೆ ಕಂಡರೆ ಆಶ್ಚರ್ಯವಿಲ್ಲ.

ಪ್ರತಿಕ್ರಿಯೆಯೆಲ್ಲ ಮರುಕವೇ ಅಲ್ಲ. ನಾಯಕಿಯ ಮಣಿಕಟ್ಟು ಹಿಡಿದು ಎಳೆದೊಯ್ಯುವ ನಾಯಕ ಎರಡು ದಶಕದ ಹಿಂದೆ ಗಂಡಸುತನದ ಗುರುತಾಗಿದ್ದ. ಆ ಬಳಿಕ ಕೊರಿಯಾದ ಮಹಿಳೆಯರೇ ಅದನ್ನು ಪ್ರೀತಿಯ ಹೆಸರಿನ ಹಿಂಸೆ ಎಂದು ಕರೆಯತೊಡಗಿದರು, ಹಳೆಯ ಜನಪ್ರಿಯ ಧಾರಾವಾಹಿಗಳನ್ನು ಮತ್ತೆ ನೋಡುವವರು ಈಗ ಅಂಥ ಕಡೆ ಮುಖ ಸಿಂಡರಿಸುತ್ತಾರೆ. ತೀರ್ಪು ತಿರುಗಿ ಬೀಳುವುದೂ ಉಂಟು. 2018ರ ‘ಮೈ ಮಿಸ್ಟರ್’ನಲ್ಲಿ ನಡುವಯಸ್ಸಿನ ಎಂಜಿನಿಯರ್ ಮತ್ತು ಇಪ್ಪತ್ತರ ಆಸುಪಾಸಿನ ತಾತ್ಕಾಲಿಕ ನೌಕರಳ ನಡುವಣ ಸಂಬಂಧವನ್ನು ಕಂಡು ಆರಂಭದಲ್ಲೇ ಆಕ್ಷೇಪಗಳು ಬಂದವು, ಕಥೆ ಅವರಿಬ್ಬರನ್ನು ಪ್ರೇಮಿಗಳಾಗಿಸದೆ, ಒಬ್ಬರ ಬದುಕನ್ನು ಇನ್ನೊಬ್ಬರು ಅರಿತ ಇಬ್ಬರು ದಣಿದ ಮನುಷ್ಯರಾಗಿ ಉಳಿಸಿತು, ಮತ್ತು 2019ರಲ್ಲಿ ಬೆಕ್‌ಸಾಂಗ್ ಕಲಾ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಧಾರಾವಾಹಿ ಎನಿಸಿತು.

ಇಂಗ್ಲಿಷ್ ಉಪಶೀರ್ಷಿಕೆ ಓದುತ್ತ ಇವನ್ನು ನೋಡುವ ಕನ್ನಡಿಗರು ಒಂದು ಸಂಗತಿಯನ್ನು ಗಮನಿಸಬೇಕು. ಕೊರಿಯನ್ ಭಾಷೆಯಲ್ಲಿ ಗೌರವದ ಮಾತು ‘ಜೊಂದೆಮಾಲ್’, ಸಲುಗೆಯ ಮಾತು ‘ಬಾನ್‌ಮಾಲ್’. ಪ್ರೇಮಿಗಳು ಒಂದರಿಂದ ಇನ್ನೊಂದಕ್ಕೆ ದಾಟುವ ಗಳಿಗೆಯನ್ನು ಅಲ್ಲಿಯ ನೋಡುಗರು ಮೊದಲ ಮುತ್ತಿನಷ್ಟೇ ಕುತೂಹಲದಿಂದ ಕಾಯುತ್ತಾರೆ. ಇಂಗ್ಲಿಷಿನ ‘ಯೂ’ ಅದನ್ನು ನುಂಗಿಹಾಕುತ್ತದೆ, ಕನ್ನಡದ ‘ನೀವು’ ‘ನೀನು’ಗಳಲ್ಲಾದರೆ ಅದು ಹಾಗೆಯೇ ಬರುತ್ತಿತ್ತು. ಹೆಣ್ಣು ತನ್ನ ಅಣ್ಣನನ್ನು ಕರೆಯುವ ‘ಒಪ್ಪಾ’ ಎಂಬ ಪದದಿಂದಲೇ ಪ್ರಿಯನನ್ನೂ ಕರೆಯುವುದು ಮಾತ್ರ ಕನ್ನಡ ಕಿವಿಗೆ ಕಸಿವಿಸಿ. ‘ಅಣ್ಣ’ ಎಂದು ಅನುವಾದಿಸಿದರೆ ಪ್ರೇಮ ಅಲ್ಲಿಗೇ ಮುಗಿಯಿತು, ಹಳ್ಳಿಯ ‘ಮಾವ’ ಹತ್ತಿರ ಬಂದೀತು.

ಕೊರಿಯಾದ ಹೊರಗೆ ಈ ಭಾವೋದ್ರೇಕ ದೊಡ್ಡದಾಗಿ ಕಂಡ ಕಡೆಗಳಲ್ಲಿ ಜಪಾನ್ ಒಂದು. 2002ರ ‘ವಿಂಟರ್ ಸೊನಾಟಾ’ ಅಲ್ಲಿಯ ಎನ್‌ಎಚ್‌ಕೆ ವಾಹಿನಿಯಲ್ಲಿ ಬಂದ ಮೇಲೆ, 2004ರ ನವೆಂಬರ್‌ನಲ್ಲಿ ನಾಯಕನಟ ಬೆ ಯೊಂಗ್‌ಜುನ್ ಟೋಕಿಯೊ ಬಳಿಯ ನರಿತಾ ವಿಮಾನ ನಿಲ್ದಾಣದಲ್ಲಿ ಇಳಿದಾಗ ಸಾವಿರಾರು ಮಂದಿ ನೆರೆದಿದ್ದರು, ಅವರಲ್ಲಿ ಬಹುಪಾಲು ನಡುವಯಸ್ಸು ದಾಟಿದ ಗೃಹಿಣಿಯರು. ಭಾರತದಲ್ಲಿ ದಾರಿ ತೆರೆದದ್ದು ಮಣಿಪುರ. 2000ದಲ್ಲಿ ಬಂಡುಕೋರರು ಅಲ್ಲಿ ಹಿಂದಿ ಚಿತ್ರಗಳಿಗೆ ನಿಷೇಧ ಹೇರಿದ ಮೇಲೆ ಆ ಜಾಗವನ್ನು ಕೊರಿಯಾದ ಚಿತ್ರ ಮತ್ತು ಧಾರಾವಾಹಿಗಳು ತುಂಬಿದವು.

ಎಲ್ಲ ಕಡೆಯೂ ನೋಡುಗರು ಪರದೆಯ ಜೋಡಿ ಹೊರಗೂ ಜೋಡಿಯಾಗಲಿ ಎಂದು ಬಯಸುತ್ತಾರೆ, ಒಮ್ಮೊಮ್ಮೆ ಹಾಗೆ ಆಗುವುದೂ ಉಂಟು: ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು’ ಧಾರಾವಾಹಿಯ ಹ್ಯುನ್ ಬಿನ್ ಮತ್ತು ಸೊನ್ ಯೆಜಿನ್ 2022ರ ಮಾರ್ಚ್‌ನಲ್ಲಿ ಮದುವೆಯಾದರು. ಡೊಕ್‌ಸನ್ ಪಾತ್ರದ ಹೇರಿ ಮತ್ತು ಜಂಗ್‌ಹ್ವಾನ್ ಪಾತ್ರದ ರ್ಯು ಜುನ್‌ಯೋಲ್ ಪ್ರೀತಿಸುತ್ತಿದ್ದಾರೆಂದು 2017ರ ಆಗಸ್ಟ್‌ನಲ್ಲಿ ಅಧಿಕೃತವಾಗಿ ತಿಳಿದಾಗ ‘ಒನಾಮ್‌ರ್ಯು’ ಬಣದವರಿಗೆ ಸೋತ ಪಂದ್ಯವನ್ನು ಬೇರೆ ಮೈದಾನದಲ್ಲಿ ಗೆದ್ದಂತಾಯಿತು. 2023ರ ನವೆಂಬರ್‌ನಲ್ಲಿ ಅವರಿಬ್ಬರೂ ಬೇರೆಯಾದರು. ಧಾರಾವಾಹಿಯಲ್ಲಿ ಡೊಕ್‌ಸನ್‌ಳ ಗಂಡ ಈಗಲೂ ಟೆಕ್.