ಆಟ ಆಡುವ ಮಕ್ಕಳ ದಣಿವು: ಸೋಮಾರಿತನವಲ್ಲ, ಬರ್ನ್‌ಔಟ್ ಇರಬಹುದು



ಬೆಳಗ್ಗೆ ಐದಕ್ಕೇ ಎದ್ದು ಈಜಿಗೋ ಬ್ಯಾಡ್ಮಿಂಟನ್‌ಗೋ ಓಡುತ್ತಿದ್ದ ಮಗಳು ಈಗ ಅಲಾರಂ ಹೊಡೆದರೂ ಏಳುತ್ತಿಲ್ಲವೇ? "ಇಷ್ಟು ಫೀಸು ಕಟ್ಟಿದ್ದೇವೆ, ಸೋಮಾರಿತನ ಮಾಡ್ತೀಯಾ?" ಎಂದು ಗದರುವ ಮೊದಲು ಇದನ್ನು ಓದಿ.

*ಬರ್ನ್‌ಔಟ್‌ನ ಮೂರು ಲಕ್ಷಣಗಳು*
1. ಮಲಗಿ ಎದ್ದರೂ ಹೋಗದ ಮೈ-ಮನಸ್ಸಿನ ದಣಿವು.
2. "ಎಷ್ಟು ಮಾಡಿದರೂ ನನ್ನಿಂದ ಆಗುತ್ತಿಲ್ಲ" ಎಂಬ ಭಾವನೆ.
3. ಪ್ರಾಣದಂತಿದ್ದ ಆಟದ ಮೇಲೇ ಬೇಸರ.

ಸೋತವರಿಗೆ ಮಾತ್ರ ಹೀಗಾಗುವುದಿಲ್ಲ. ಟೆನಿಸ್ ಆಟಗಾರ್ತಿ ಆಶ್ಲೀ ಬಾರ್ಟಿ 2022ರ ಮಾರ್ಚ್‌ನಲ್ಲಿ, ವಿಶ್ವದ ನಂಬರ್ 1 ಆಗಿದ್ದಾಗಲೇ, 25ನೇ ವಯಸ್ಸಿಗೆ ನಿವೃತ್ತರಾದರು. ಆಟಕ್ಕೆ ಕೊಡಲು ತನ್ನಲ್ಲಿ ಇನ್ನೇನೂ ಉಳಿದಿಲ್ಲ ಎಂದರು.

*ಮೈಂಡ್‌ಫುಲ್‌ನೆಸ್ ಏನು ಮಾಡುತ್ತದೆ?*
ಇದು ಮನಸ್ಸನ್ನು ಖಾಲಿ ಮಾಡುವ ವಿದ್ಯೆಯಲ್ಲ. ಈಗ ಆಗುತ್ತಿರುವುದನ್ನು ಸರಿ-ತಪ್ಪು ಎನ್ನದೆ ಗಮನಿಸುವ ಅಭ್ಯಾಸ. ರಾತ್ರಿ ಮಲಗುವ ಮುನ್ನ 5 ನಿಮಿಷ ಉಸಿರನ್ನು ಗಮನಿಸಿದರೆ ಸಾಕು. "ಸೋತುಬಿಟ್ಟರೆ?" ಎಂಬ ಯೋಚನೆ ಬಂದರೆ ಅದರ ಜೊತೆ ಜಗಳ ಬೇಡ. "ಯೋಚನೆ ಬಂತು" ಎಂದು ಗುರುತಿಸಿ ಮತ್ತೆ ಉಸಿರಿನ ಕಡೆ ಬರುವುದು. ನಿಧಾನವಾಗಿ ಉಸಿರು ಬಿಡುವಾಗ ವೇಗಸ್ ನರದ ಮೂಲಕ ಹೃದಯದ ಬಡಿತವೂ ಇಳಿಯುತ್ತದೆ.

*ಆದರೆ ಧ್ಯಾನ ವಿಶ್ರಾಂತಿಗೆ ಬದಲಿಯಲ್ಲ*
ಅಭ್ಯಾಸದಲ್ಲಿ ದೇಹ ದಣಿಯುತ್ತದೆ. ಬಲ ಬರುವುದು ಆಮೇಲಿನ ನಿದ್ದೆ, ವಿಶ್ರಾಂತಿಯಲ್ಲಿ. ಎರಡು ಹೊತ್ತು ಪ್ರಾಕ್ಟೀಸ್, ನಡುವೆ ಟ್ಯೂಷನ್, ಅದರ ಮೇಲೆ ಧ್ಯಾನದ ಕ್ಲಾಸನ್ನೂ ಹೇರಿದರೆ ಅದೂ ಒಂದು ಹೊರೆಯೇ.
👉 ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು.
👉 ವಾರಕ್ಕೆ 1-2 ದಿನ ಆ ಆಟಕ್ಕೆ ರಜೆ. ವರ್ಷದಲ್ಲಿ ಒಟ್ಟು 3 ತಿಂಗಳು, ಒಂದೊಂದು ತಿಂಗಳಾಗಿಯಾದರೂ, ಬಿಡುವು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆಯೂ ಇದೇ.
👉 ಬೆಳಗ್ಗೆ ಹಾಸಿಗೆಯಲ್ಲೇ ಒಂದು ನಿಮಿಷ ನಾಡಿ ಎಣಿಸಿ ಬರೆದಿಡಿ. ಎಂದಿಗಿಂತ 8-10 ಬಡಿತ ಹೆಚ್ಚು ಕೆಲವು ದಿನ ಮುಂದುವರಿದರೆ ಅಭ್ಯಾಸ ತಗ್ಗಿಸಿ. ಜ್ವರ, ಸೋಂಕು ಇದೆಯೇ ನೋಡಿ. ನಾಡಿ ಸರಿಯಿದ್ದೂ ಮಗು "ಸುಸ್ತು" ಎಂದರೆ ಮಗುವಿನ ಮಾತನ್ನೇ ನಂಬಿ.

*⚠️ ಇದನ್ನು ಮಾತ್ರ "ಟೆನ್ಷನ್" ಎನ್ನಬೇಡಿ*
ಆಡುವಾಗ ತಲೆಸುತ್ತಿ ಬೀಳುವುದು, ಎದೆನೋವು, ಇದ್ದಕ್ಕಿದ್ದಂತೆ ಎದೆ ಡವಗುಟ್ಟುವುದು, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡಿರುವುದು: ಇವುಗಳಲ್ಲಿ ಒಂದಿದ್ದರೂ ಆಟ ನಿಲ್ಲಿಸಿ, ಹೃದಯ ತಜ್ಞರಿಗೆ ತೋರಿಸಿ. ಇಸಿಜಿ, ಎಕೋ ಬೇಕಾಗಬಹುದು. ಊಟ, ಮಾತು, ಗೆಳೆಯರು ಎಲ್ಲವನ್ನೂ ಬಿಟ್ಟು ಮಗು ಮಂಕಾಗಿದ್ದರೆ ಮನೋವೈದ್ಯರನ್ನು ಕಾಣಿ. ಸಾಯುವ ಮಾತಾಡಿದರೆ ಒಂದು ದಿನವೂ ತಡಮಾಡಬೇಡಿ.

ಊರಲ್ಲಿದ್ದರೆ "ಯಾಕೋ ಕೂಸು ಸೊರಗಿದೆ" ಎನ್ನಲು ಅಜ್ಜಿ ಇರುತ್ತಿದ್ದರು. ಪರಊರಿನಲ್ಲಿ ಆ ಕಣ್ಣು ನೀವೇ ಆಗಬೇಕು. ಇಂದು ಮಗಳು ಮನೆಗೆ ಬಂದಾಗ "ಗೆದ್ಯಾ?" ಬದಲು "ಆಟ ಖುಷಿ ಕೊಡ್ತಾ?" ಎಂದು ಕೇಳಿ ನೋಡಿ. ಉತ್ತರ ಬರಲು ತಡವಾದರೂ ಕಾಯಿರಿ.

ಆಡುವ ಮಕ್ಕಳಿರುವ ಮನೆಗಳಿಗೆ ಇದನ್ನು ತಲುಪಿಸಿ. 🙏