ಟ್ಯಾಂಕಿನಲ್ಲಿ ಉಳಿಯಬೇಕಾದ ಖಾಲಿ ಜಾಗ

ಮೋಟಾರ್ ಸೈಕಲ್ ಕಲಿಯುವವರಿಗೆ ಕ್ಲಚ್ಚು, ಗೇರು, ಬ್ರೇಕುಗಳ ಬಳಕೆಯನ್ನು ಹೇಳಿಕೊಡುವವರು ಸಿಗುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ನಡೆದುಕೊಳ್ಳಬೇಕಾದ ರೀತಿಯನ್ನು ಹೇಳಿಕೊಡುವವರು ಅಪರೂಪ. ನಮ್ಮ ಬಂಕುಗಳಲ್ಲಿ ನಾಜಲ್ ಹಿಡಿದು ಇಂಧನ ತುಂಬುವವರು ಅಲ್ಲಿನ ಸಿಬ್ಬಂದಿಯೇ ಆದ್ದರಿಂದ, ಹಣ ಕೊಡುವುದನ್ನು ಬಿಟ್ಟರೆ ಸವಾರನಿಗೆ ಅಲ್ಲಿ ಬೇರೆ ಹೊಣೆಯಿಲ್ಲವೆಂಬ ಭಾವನೆ ಬೇರೂರಿದೆ. ಅದು ಅಪಾಯಕಾರಿ ಭಾವನೆ.

ಪೆಟ್ರೋಲ್ ಉರಿಯುವುದು ದ್ರವರೂಪದಲ್ಲಲ್ಲ, ಆವಿಯ ರೂಪದಲ್ಲಿ. ಕಿಡಿ ತಗುಲಿದೊಡನೆ ಹೊತ್ತಿಕೊಳ್ಳುವಷ್ಟು ಆವಿಯನ್ನು ದ್ರವವೊಂದು ಹೊರಸೂಸತೊಡಗುವ ಕನಿಷ್ಠ ಉಷ್ಣಾಂಶಕ್ಕೆ ಜ್ವಲನ ಬಿಂದು ಎಂದು ಹೆಸರು. ಪೆಟ್ರೋಲಿಗೆ ಅದು ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿರುವುದರಿಂದ, ಮಡಿಕೇರಿಯ ಚಳಿಯಲ್ಲಾಗಲಿ ಕಲಬುರಗಿಯ ಬಿಸಿಲಿನಲ್ಲಾಗಲಿ ತೆರೆದ ಟ್ಯಾಂಕಿನ ಬಾಯಿಂದ ಆವಿ ಏಳುತ್ತಲೇ ಇರುತ್ತದೆ. ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರವಾದ ಈ ಆವಿ ಮೇಲೇರಿ ಚದುರಿಹೋಗದೆ ಕೆಳಕ್ಕೆ ಇಳಿಯುತ್ತದೆ, ಮತ್ತು ಮೋಟಾರ್ ಸೈಕಲಿನಲ್ಲಿ ಟ್ಯಾಂಕಿನ ನೇರ ಕೆಳಗಿರುವುದು ಆಗಷ್ಟೇ ಓಡಿ ಬಂದ ಬಿಸಿ ಎಂಜಿನ್. ಎಂಜಿನ್ ನಿಲ್ಲಿಸಿ, ಹಿಂದೆ ಕುಳಿತವರನ್ನೂ ಮಕ್ಕಳನ್ನೂ ಮೊದಲು ಇಳಿಸಿ, ಸವಾರನೂ ಇಳಿದು ಪಕ್ಕಕ್ಕೆ ನಿಲ್ಲಬೇಕೆನ್ನುವುದು ಇದೇ ಕಾರಣಕ್ಕೆ: ತೊಡೆಗಳ ನಡುವೆ ಟ್ಯಾಂಕನ್ನಿಟ್ಟುಕೊಂಡು ಕುಳಿತವನಿಗೆ, ಬೆಂಕಿ ಕಾಣಿಸಿಕೊಂಡ ಮೇಲೆ ಇಳಿಯಲು ಸಮಯ ಸಿಗುವುದಿಲ್ಲ.

‘ಫುಲ್ ಟ್ಯಾಂಕ್’ ಎಂಬ ಮಾತನ್ನು ಹೊಸ ಸವಾರರು ಅಕ್ಷರಶಃ ತೆಗೆದುಕೊಳ್ಳುವುದುಂಟು. ಒಂದು ಲೀಟರ್ ಪೆಟ್ರೋಲ್ ಪ್ರತಿ ಡಿಗ್ರಿ ಬಿಸಿಗೆ ಸುಮಾರು ಒಂದು ಮಿಲಿಲೀಟರಿನಷ್ಟು ಹಿಗ್ಗುತ್ತದೆ. ನೆಲದಡಿಯ ತೊಟ್ಟಿಯಿಂದ ತಂಪಾಗಿ ಬಂದ ಹತ್ತು ಲೀಟರ್ ಇಂಧನ ಬಿಸಿಲಿನಲ್ಲಿ ನಿಂತ ಗಾಡಿಯಲ್ಲಿ 20 ಡಿಗ್ರಿಯಷ್ಟು ಕಾದರೆ, ಒಂದು ದೊಡ್ಡ ಲೋಟದಷ್ಟು, ಅಂದರೆ 200 ಮಿಲಿಲೀಟರ್ ಹೆಚ್ಚುವರಿ ಜಾಗವನ್ನು ಬೇಡುತ್ತದೆ. ಕತ್ತಿನವರೆಗೆ ತುಂಬಿಸಿದ ಟ್ಯಾಂಕಿನಲ್ಲಿ ಆ ಜಾಗ ಇರುವುದಿಲ್ಲ. ಬಿಎಸ್6 ಮಾನದಂಡದ ಗಾಡಿಗಳಲ್ಲಿ ಟ್ಯಾಂಕಿನ ಆವಿಯನ್ನು ಹಿಡಿದಿಟ್ಟುಕೊಂಡು ಎಂಜಿನ್ನಿಗೆ ಮರಳಿಸುವ ಇದ್ದಿಲಿನ ಡಬ್ಬಿಯೊಂದಿರುತ್ತದೆ; ಉಕ್ಕಿದ ಪೆಟ್ರೋಲ್ ಅದರೊಳಗೆ ಹೊಕ್ಕರೆ ಇದ್ದಿಲು ತೊಯ್ದು ಡಬ್ಬಿ ಕೆಡುತ್ತದೆ. ನಾಜಲ್ ತಾನಾಗಿ ನಿಲ್ಲುವುದೆಂದು ನಂಬಿ ನಿಲ್ಲುವುದೂ ಸರಿಯಲ್ಲ, ಏಕೆಂದರೆ ನಾಜಲಿನ ತುದಿಯ ಸಣ್ಣ ರಂಧ್ರವನ್ನು ಇಂಧನ ಮುಚ್ಚಿದಾಗಲಷ್ಟೇ ಅದು ನಿಲ್ಲುತ್ತದೆ, ಆಳ ಕಡಿಮೆಯಿರುವ ಬೈಕಿನ ಟ್ಯಾಂಕಿನಲ್ಲಿ ನಾಜಲನ್ನು ಮೇಲೆತ್ತಿ ಹಿಡಿಯುವುದೇ ಹೆಚ್ಚು. ಆದ್ದರಿಂದ ಇಂಧನದ ಮಟ್ಟ ಕತ್ತಿನ ಬುಡವನ್ನು ಮುಟ್ಟುತ್ತಿದ್ದಂತೆ ಸಾಕೆನ್ನಬೇಕಾದವನು ಸವಾರನೇ. (ಬೆಳಗಿನ ತಂಪಿನಲ್ಲಿ ಹಾಕಿಸಿದರೆ ಹೆಚ್ಚು ಪೆಟ್ರೋಲ್ ಸಿಗುತ್ತದೆಂಬ ನಂಬಿಕೆಗೆ ಹುರುಳಿಲ್ಲ, ನೆಲದಡಿಯ ತೊಟ್ಟಿಯ ಉಷ್ಣಾಂಶ ಹಗಲಿರುಳುಗಳ ನಡುವೆ ಹೆಚ್ಚೇನೂ ಬದಲಾಗುವುದಿಲ್ಲ.)

ಮುಚ್ಚಳವನ್ನು ಬಿಗಿಯಾಗಿ ಹಾಕಿದೆಯೇ ಎಂದು ನೋಡುವುದು ಮಳೆಗಾಲದಲ್ಲಿ ಇನ್ನಷ್ಟು ಮುಖ್ಯ. ಈಗ ದೊರೆಯುವ ಇ20 ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್, ಅಂದರೆ ಕಬ್ಬು ಮತ್ತು ಧಾನ್ಯಗಳಿಂದ ತಯಾರಿಸುವ ಮದ್ಯಸಾರ, ಬೆರೆತಿರುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಒಂದು ಮಿತಿಯನ್ನು ದಾಟಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ, ಮತ್ತು ಎಂಜಿನ್ನಿಗೆ ಇಂಧನ ಹೋಗುವುದು ಆ ತಳದಿಂದಲೇ.

ಇನ್ನು ಅಳತೆಯ ಮಾತು. ತುಂಬಲು ಆರಂಭಿಸುವ ಮೊದಲು ಯಂತ್ರದ ಪರದೆಯಲ್ಲಿ ಸೊನ್ನೆ ಕಾಣಬೇಕು, ನಾಜಲ್ ಡೀಸೆಲಿನದಲ್ಲವೆಂಬುದೂ ಖಚಿತವಾಗಬೇಕು. ತಪ್ಪಿ ಡೀಸೆಲ್ ಬಿದ್ದಿದ್ದರೆ ಗಾಡಿಯನ್ನು ಚಾಲೂ ಮಾಡದೆ ತಳ್ಳಿಕೊಂಡು ಹೋಗಿ ಟ್ಯಾಂಕನ್ನು ಖಾಲಿ ಮಾಡಿಸಬೇಕು. ಪ್ರಮಾಣದ ಬಗ್ಗೆ ಅನುಮಾನ ಬಂದ ಗ್ರಾಹಕನು ಮುದ್ರೆಯಿರುವ 5 ಲೀಟರಿನ ಅಳತೆ ಪಾತ್ರೆಯಲ್ಲಿ ಅಳೆದು ತೋರಿಸಲು ಕೇಳಬಹುದು, ಕಲಬೆರಕೆಯ ಅನುಮಾನವಿದ್ದರೆ ಫಿಲ್ಟರ್ ಪೇಪರನ್ನು ಕೇಳಬಹುದು: ನಾಜಲಿನ ತುದಿಯಿಂದ ಅದರ ಮೇಲೆ ಬಿಟ್ಟ ಪೆಟ್ರೋಲಿನ ಹನಿ ಶುದ್ಧವಾಗಿದ್ದರೆ ಕೆಲವೇ ನಿಮಿಷಗಳಲ್ಲಿ ಕಲೆಯುಳಿಸದೆ ಆರಿಹೋಗುತ್ತದೆ.